ಫೋಟೋದಲ್ಲಿರುವ ರೊಟ್ಟಿ ನನ್ನದಲ್ಲ

ನಾನು ಜೋಳದ ರೊಟ್ಟಿ ಮಾಡುವ ಯಂತ್ರ. ಯಂತ್ರಕ್ಕೂ ಸಿಟ್ಟು ಬರುತ್ತದೆಯೇ ಎಂದು ಕೇಳಬೇಡಿ. ನಾಲ್ಕು ಬರ್ನರುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದ ನನಗೆ ಬಾರದೆ ಇನ್ನಾರಿಗೆ ಬರಬೇಕು?

ಹುಬ್ಬಳ್ಳಿಯ ಹೊರಗೆ, ಕೈಗಾರಿಕಾ ಪ್ರದೇಶದ ಒಂದು ತಗಡಿನ ಶೆಡ್ಡಿನಲ್ಲಿ ನಾನು ಹುಟ್ಟಿದೆ. ಶೆಡ್ಡು ಚನ್ನವೀರ ಮುತ್ತಗಿ ಎಂಬವರದು. ನನ್ನನ್ನು ಹುಟ್ಟಿಸಿದ ಕೈ ಮಾತ್ರ ಮೌನೇಶ ಬಡಿಗೇರನದು. ಮೌನೇಶ ಮಾತು ಕಡಿಮೆಯ ಮನುಷ್ಯ. ಒಂದೂವರೆ ವರ್ಷ ಅವನು ತನ್ನ ತಾಯಿ ರೊಟ್ಟಿ ಬಡಿಯುವುದನ್ನು ಒಲೆಯ ಪಕ್ಕ ಕುಳಿತು ನೋಡಿದ, ಶೆಡ್ಡಿಗೆ ಬಂದು ಸ್ಟೀಲು ಕತ್ತರಿಸಿದ, ಬೆಸುಗೆ ಹಾಕಿದ, ಸರಿಬಾರದಾಗ ಕಿತ್ತು ಮತ್ತೆ ಹಾಕಿದ. ಹಿಟ್ಟು ಹಾಕಲು ಮೇಲೊಂದು ಡಬ್ಬಿ, ಒತ್ತಲು ಎರಡು ರೋಲರು, ಅವನ್ನು ತಿರುಗಿಸಲು ಮೋಟರು, ಬೇಯಿಸಲು ಜಾಲರಿಯ ಪಟ್ಟಿ, ಕೆಳಗೆ ಬೆಂಕಿ. ಇಷ್ಟು ನಾನು.

ನನ್ನ ಕೊರತೆಯನ್ನೂ ಮುಚ್ಚಿಡುವುದಿಲ್ಲ. ನನ್ನ ರೊಟ್ಟಿ ದಪ್ಪ. ಅಂಚು ಒಡೆಯುತ್ತದೆ. ನಡುವೆ ಒಂದೊಂದು ಕಡೆ ಹಸಿ ಉಳಿಯುತ್ತದೆ. ಮೌನೇಶನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು.

"ಸಾಹೇಬ್ರ, ಇನ್ನಾ ಆರ್ ತಿಂಗಳ ಕೊಡ್ರಿ," ಎಂದು ಅವನು ಮುತ್ತಗಿಯವರಿಗೆ ಹೇಳಿದ. "ಜ್ವಾಳದ ಹಿಟ್ಟಿಗೆ ಗೋಧಿ ಹಿಟ್ಟಿನಂಗ ಜಿಗಿ ಇರಂಗಿಲ್ಲ. ಒತ್ತಿದ ಕೂಡ್ಲೆ ಒಡಿತೈತಿ. ರೋಲರ್ ಬದಲಿ ಮಾಡಬೇಕು."

"ಮಷೀನ್ ಪ್ರದರ್ಶನ ಮುಂದಿನ ತಿಂಗಳ ಐತಿ ಮೌನೇಶ. ನಿನ್ನ ರೋಲರ್ ಸಲುವಾಗಿ ಅದು ಕಾಯ್ತೈತೇನು?"

ಮುತ್ತಗಿಯವರಿಗೆ ಆ ದಿನಗಳಲ್ಲಿ ಪ್ರಚಾರದ ಹುಚ್ಚು ಹಿಡಿದಿತ್ತು. ಯಾವುದೋ ತರಬೇತಿಗೆ ಹೋಗಿ ಬಂದಿದ್ದರು. ಒಳ್ಳೆಯ ಫೋಟೋ ಇದ್ದರೆ ಅರ್ಧ ಮಾರಾಟ ಆದ ಹಾಗೆ ಎಂದು ಅಲ್ಲಿ ಯಾರೋ ಹೇಳಿದ್ದರಂತೆ. ಸಂಬಳ ಕೊಟ್ಟು ಫೋಟೋಗ್ರಾಫರನನ್ನು ಸಾಕುವುದು ಬೇಡ, ಸ್ವತಂತ್ರವಾಗಿ ಕೆಲಸ ಮಾಡುವವರನ್ನು ಒಂದೆರಡು ದಿನಕ್ಕೆ ಕರೆದರೆ ಸಾಕು ಎಂದೂ ಹೇಳಿದ್ದರು. ಹಾಗೆ ಮೂವರು ನನ್ನನ್ನು ನೋಡಲು ಬಂದರು. ಮೊದಲನೆಯವನ ಹತ್ತಿರ ಇದ್ದದ್ದೆಲ್ಲ ಮದುಮಗ ಮದುಮಗಳ ಫೋಟೋ. ಎರಡನೆಯವನು ರೊಟ್ಟಿಯ ಫೋಟೋ ತೆಗೆಯಲು ಡ್ರೋನ್ ಹೊತ್ತುಕೊಂಡು ಬಂದಿದ್ದ. ಮೂರನೆಯವಳು ಹಸೀನಾ ನದಾಫ.

ಹಸೀನಾಳಿಗೆ ಮೂವತ್ತರ ಮೇಲೆ ಒಂದೆರಡು ಇರಬಹುದು. ಸ್ಕೂಟರಿನ ಮುಂದೆ ಕ್ಯಾಮೆರಾ ಚೀಲ, ಹಿಂದೆ ಹಗ್ಗದಿಂದ ಬಿಗಿದ ಥರ್ಮಾಕೋಲ್ ಹಾಳೆ. ಬೆಳಕನ್ನು ತಿರುಗಿಸಿ ವಸ್ತುವಿನ ಮೇಲೆ ಚೆಲ್ಲಲು ಅದು ಸಾಕು ಎನ್ನುತ್ತಿದ್ದಳು. ಮದುವೆಯ ದಿನಗಳಲ್ಲಿ ಮದುವೆ, ಉಳಿದ ದಿನಗಳಲ್ಲಿ ಸೀರೆ ಅಂಗಡಿ, ಖಾನಾವಳಿ, ಪಂಪುಸೆಟ್ಟು, ಹೀಗೆ ಕರೆದವರ ಕಡೆ ಹೋಗಿ ಫೋಟೋ ತೆಗೆದುಕೊಡುವುದು ಅವಳ ಬದುಕು. ಖಾನಾವಳಿಯೊಂದರ ಊಟದ ತಾಟನ್ನು ಅವಳು ತೆಗೆದಿದ್ದ ಫೋಟೋ ನೋಡಿ ಮುತ್ತಗಿಯವರ ಬಾಯಲ್ಲಿ ನೀರೂರಿತು. ಅಲ್ಲೇ ಕೆಲಸ ಒಪ್ಪಿಸಿದರು.

"ಸರ, ಒಂದ್ ಮಾತ ಬರದ ಕೊಡ್ರಿ," ಎಂದಳು ಹಸೀನಾ. "ಫೋಟೋ ಎಲ್ಲೆಲ್ಲಿ ಹಾಕ್ತೀರಿ, ಅದರ ಕೆಳಗ ಏನ್ ಬರಸ್ತೀರಿ ಅಂತ."

"ನೀ ಫೋಟೋ ತಗಿಯವ್ವ. ಬರಸೋದು ನನ್ನ ಕೆಲಸ," ಎಂದು ಮುತ್ತಗಿ ನಕ್ಕರು.

ಅವಳೂ ನಕ್ಕು ಒಪ್ಪಿಕೊಂಡಳು. ಮಳೆಗಾಲದ ನಡುವಿನ ದಿನಗಳು, ಮದುವೆ ಇಲ್ಲ. ಬಂದ ಕೆಲಸ ಬಿಡಲು ಧೈರ್ಯ ಬೇಕು.

ಫೋಟೋದ ದಿನ ನನ್ನನ್ನು ತೊಳೆದು ಒರೆಸಿ, ಹಣೆಗೆ ಕುಂಕುಮ ಹಚ್ಚಿ, ಬೆಂಕಿ ಹಾಕಿದರು. ನಾನು ಮನಸ್ಸಿಟ್ಟು ಕೆಲಸ ಮಾಡಿದೆ. ಆದರೂ ಬಂದದ್ದು ನನ್ನದೇ ರೊಟ್ಟಿ, ದಪ್ಪದ್ದು, ಅಂಚು ಒಡೆದದ್ದು. ಹಸೀನಾ ಹತ್ತಿಪ್ಪತ್ತು ಫೋಟೋ ತೆಗೆದಳು. ಮುತ್ತಗಿ ಕ್ಯಾಮೆರಾದಲ್ಲಿ ಇಣುಕಿ ನೋಡಿ ಮುಖ ಹುಳ್ಳಗೆ ಮಾಡಿಕೊಂಡು ಹೊರಗೆ ಹೋದರು. ಅರ್ಧ ಗಂಟೆಯಲ್ಲಿ ಒಬ್ಬ ಹೆಂಗಸನ್ನು ಕರೆತಂದರು.

ಅವಳು ನೀಲಗಂಗವ್ವ. ಪೇಟೆಯ ಖಾನಾವಳಿಯೊಂದಕ್ಕೆ ದಿನಾ ರೊಟ್ಟಿ ಬಡಿದುಕೊಡುವವಳು. ಶೆಡ್ಡಿನ ಹಿಂದೆ ಮೂರು ಇಟ್ಟಿಗೆ ಇಟ್ಟು ಒಲೆ ಹೂಡಿದಳು. ಎಸರು ಕಾಯಿಸಿ ಹಿಟ್ಟು ಕಲಸಿ ನಾದಿದಳು. ಆಮೇಲೆ ಬಡಿಯಲು ಶುರು ಮಾಡಿದಳು. ಅಂಗೈಯ ಕೆಳಗೆ ರೊಟ್ಟಿ ತಾನೇ ತಿರುಗುತ್ತಿತ್ತು, ತಿರುಗುತ್ತ ಬೆಳೆಯುತ್ತಿತ್ತು. ಹಂಚಿನ ಮೇಲೆ ಹಾಕಿ ಒದ್ದೆ ಅರಿವೆಯಿಂದ ನೀರು ಸವರಿದರೆ ಕ್ಷಣದಲ್ಲಿ ಪೂರ್ತಿ ಉಬ್ಬುತ್ತಿತ್ತು. ಮೌನೇಶ ನನ್ನ ಪಕ್ಕ ನಿಂತು ಅದನ್ನೇ ನೋಡುತ್ತಿದ್ದ. ನಾನೂ ನೋಡಿದೆ. ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಹೀಗೆ ಮಾಡಬೇಕು ಎಂದು ಆಸೆಯಾಯಿತು.

ಆ ರೊಟ್ಟಿಗಳನ್ನು ತಂದು ನನ್ನ ಪಟ್ಟಿಯ ತುದಿಗೆ ಇಟ್ಟರು. ನನ್ನಿಂದಲೇ ಉರುಳಿ ಬಂದಂತೆ ಒಂದರ ಹಿಂದೆ ಒಂದನ್ನು ಜೋಡಿಸಿದರು.

ಹಸೀನಾ ಕ್ಯಾಮೆರಾ ಕೆಳಗಿಳಿಸಿದಳು. "ಸರ, ಇವು ಮಷೀನಿನ ರೊಟ್ಟಿ ಅಲ್ಲಲ್ರಿ."

"ಬರೇ ತೋರಸಾಕವ್ವ. ಮುಂದ ಮಷೀನ್ ಸರಿ ಆಗೇ ಆಗತೈತಿ. ಎಲ್ಲಾರೂ ಹಿಂಗ ಮಾಡ್ತಾರ."

ಅವಳು ಒಮ್ಮೆ ಮೌನೇಶನ ಕಡೆ ನೋಡಿದಳು. ಅವನು ನೆಲ ನೋಡಿದ. ಅವಳು ಕ್ಯಾಮೆರಾ ಮೇಲೆತ್ತಿದಳು.

ಆ ಇಬ್ಬರ ಮೇಲೂ ನನಗೆ ಸಿಟ್ಟಿದೆ. ಮುತ್ತಗಿಯವರ ಮೇಲೆ ಇರುವಷ್ಟಲ್ಲ, ಆದರೂ ಇದೆ. ಕೆಟ್ಟವರು ಕೆಟ್ಟದ್ದು ಮಾಡಲು ಒಳ್ಳೆಯವರ ಸಣ್ಣದೊಂದು ಹೂಂ ಬೇಕಾಗುತ್ತದೆ. ಅವತ್ತು ಅದು ಸಿಕ್ಕಿತು.

ಕೊನೆಗೆ ನೀಲಗಂಗವ್ವನಿಗೆ ಒಂದು ಹೊಸ ಸೀರೆ ಉಡಿಸಿ, ಕೈಯಲ್ಲಿ ರೊಟ್ಟಿಯ ತಾಟು ಕೊಟ್ಟು, ನನ್ನ ಹೆಗಲ ಮೇಲೆ ಕೈ ಇಡಿಸಿ ನಗಿಸಿದರು. ಅವಳಿಗೆ ಮಜಾ ಅನಿಸಿತ್ತು. "ನನ್ನ ಮದಿವ್ಯಾಗೂ ಇಷ್ಟ ಫೋಟೋ ತಗದಿದ್ದಿಲ್ಲ ತಗೋ," ಎಂದು ನಿಜವಾಗಿಯೇ ನಕ್ಕಳು. ಆ ನಗುವೇ ಫೋಟೋದಲ್ಲಿ ಬಂತು.

ಹದಿನೈದು ದಿನಕ್ಕೆ ಮಡಿಕೆಯ ಕರಪತ್ರ ಅಚ್ಚಾಗಿ ಬಂತು, ಹತ್ತಡಿಯ ಬ್ಯಾನರೂ ಬಂತು. ನೀಲಗಂಗವ್ವನ ನಗುಮುಖದ ಕೆಳಗೆ ಹೀಗೆ ಬರೆಸಿದ್ದರು: 'ಇಪ್ಪತ್ತು ವರ್ಷ ಕೈಯಿಂದ ಬಡಿದೆ, ತೋಳು ಸೋತವು. ಈಗ ಯಂತ್ರವೇ ಬಡಿಯುತ್ತದೆ, ನನ್ನ ಕೈಗಿಂತ ತೆಳ್ಳಗೆ.'

ಅವಳು ಈ ಮಾತು ಆಡಿರಲಿಲ್ಲ. ಅವಳ ತೋಳೂ ಸೋತಿರಲಿಲ್ಲ.

ಪ್ರದರ್ಶನ ಊರಿನ ದೊಡ್ಡ ಮೈದಾನದಲ್ಲಿ ಮೂರು ದಿನ ನಡೆಯಿತು. ಹಸೀನಾಳನ್ನು ಅಲ್ಲಿಗೂ ಕರೆಸಿದ್ದರು. ಬಂದವರು ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವುದು, ಆ ನೆಪದಲ್ಲಿ ಅವರ ಹೆಸರು, ಊರು, ಫೋನ್ ನಂಬರು ಬರೆದುಕೊಳ್ಳುವುದು, ಇದು ಮುತ್ತಗಿಯವರ ಉಪಾಯ. ಗಿರಾಕಿಯಾಗಬಲ್ಲವರ ಪಟ್ಟಿ ಹೀಗೆ ತಾನಾಗಿಯೇ ಸಿದ್ಧವಾಗುತ್ತದಂತೆ. ಹಸೀನಾ ಬರೀ ಹೆಸರು ಬರೆಯಲಿಲ್ಲ. ಒಬ್ಬೊಬ್ಬರನ್ನೂ ಮಾತಿಗೆಳೆದು, ಎಷ್ಟು ಮಂದಿಗೆ ರೊಟ್ಟಿ ಬೇಕು, ಎಂಥ ರೊಟ್ಟಿ ಬೇಕು ಎಂದು ಕೇಳಿದಳು. ಗದಗ ಕಡೆಯ ಒಂದು ಹಾಸ್ಟೆಲಿನ ಅಡಿಗೆಯ ಹಣಮಂತಪ್ಪನ ಹೆಸರಿನ ಮುಂದೆ 'ಮುನ್ನೂರು ಹುಡುಗರು, ದಪ್ಪ ಇದ್ದರೂ ನಡೆಯುತ್ತದೆ, ಇವರಿಗೆ ಹೇಳಬಹುದು' ಎಂದು ಬರೆದಳು. ನರಗುಂದ ಕಡೆಯ ಒಂದು ಊರಿನ ಮಹಿಳಾ ಸಂಘದ ಕಸ್ತೂರೆವ್ವನ ಹೆಸರಿನ ಮುಂದೆ 'ಹನ್ನೆರಡು ಮಂದಿ, ತೆಳು ಖಡಕ್ ರೊಟ್ಟಿ ಮಾಡಿ ಬೇರೆ ಊರಿನ ಅಂಗಡಿಗೆ ಕಳಿಸುತ್ತಾರೆ, ಇವರಿಗೆ ಬೇಡ' ಎಂದು ಬರೆದು, ಬೇಡ ಎಂಬುದರ ಕೆಳಗೆ ಎರಡು ಗೆರೆ ಎಳೆದಳು.

ಸಂಜೆ ಮುತ್ತಗಿ ಪಟ್ಟಿ ಓದಿದರು. "ಹಸೀನಾ, ನಿನಗ ವ್ಯಾಪಾರ ತಿಳಿಯಂಗಿಲ್ಲ. ಹಾಸ್ಟೆಲ್‌ನಾಂವ ಹತ್ತ ಪ್ರಶ್ನೆ ಕೇಳಿದ. ಪ್ರಶ್ನೆ ಕೇಳಾಂವ ತಗೊಳಂಗಿಲ್ಲ. ಯಾರು ಫೋಟೋ ನೋಡ್ಕೋತ ನಿಂತಾರ, ಅವರ ನಮ್ಮ ಗಿರಾಕಿ."

ಕಸ್ತೂರೆವ್ವ ಬ್ಯಾನರಿನ ಮುಂದೆ ಬಹಳ ಹೊತ್ತು ನಿಂತಿದ್ದಳು.

ಮಾರನೆಯ ದಿನ ಮುತ್ತಗಿ ತಾವೇ ಹೋಗಿ ಅವಳಿಗೆ ಕುರ್ಚಿ ಹಾಕಿ ಕೂರಿಸಿದರು, ಚಹಾ ತರಿಸಿದರು. ನನ್ನನ್ನು ಮಾತ್ರ ಹಚ್ಚಲಿಲ್ಲ. ಗ್ಯಾಸು ಮುಗಿದಿದೆ ಎಂದರು. ಮುಗಿದಿರಲಿಲ್ಲ.

"ರೊಟ್ಟಿ ಇಷ್ಟ ತೆಳ್ಳಗ ಬರತಾವೇನ್ರಿ?" ಎಂದು ಕಸ್ತೂರೆವ್ವ ಬ್ಯಾನರಿನತ್ತ ಬೆರಳು ಮಾಡಿದಳು.

"ಫೋಟೋದಾಗ ಐತಲ್ಲವ್ವ. ಫೋಟೋ ಸುಳ್ಳ ಹೇಳತೈತೇನು?"

ಅವತ್ತು ನನಗೆ ಬಾಯಿದ್ದಿದ್ದರೆ! ಹಿಟ್ಟು ನುಂಗುವ ಬಾಯಿ ಇತ್ತು, ಮಾತಾಡುವ ಬಾಯಿ ಇರಲಿಲ್ಲ. ಹಸೀನಾಳಿಗೆ ಇತ್ತು. ಅವಳು ಎರಡು ಅಂಗಡಿ ಆಚೆ ಯಾರದೋ ಫೋಟೋ ತೆಗೆಯುತ್ತಿದ್ದಳು. ತಿರುಗಿ ನೋಡುವಷ್ಟರಲ್ಲಿ ವ್ಯಾಪಾರ ಕುದುರಿತ್ತು.

ನಾನು ಕಸ್ತೂರೆವ್ವನ ಊರಿಗೆ ಹೋದೆ. ಹನ್ನೆರಡು ಹೆಂಗಸರು ಸಮುದಾಯ ಭವನದ ಪಕ್ಕದ ಕೋಣೆಗೆ ಸುಣ್ಣ ಬಳಿದು, ನನಗಾಗಿ ಕಟ್ಟೆ ಕಟ್ಟಿಸಿದ್ದರು. ಮುತ್ತಗಿಯವರ ಕರಪತ್ರವನ್ನು ಗೋಡೆಗೆ ಅಂಟಿಸಿದ್ದರು. ಮೊದಲ ದಿನ ಆರತಿ ಮಾಡಿ ಬೆಂಕಿ ಹಚ್ಚಿದರು. ಮೊದಲ ರೊಟ್ಟಿ ದಪ್ಪಗೆ, ಅಂಚು ಒಡೆದು ಉರುಳಿ ಬಂತು. ಹತ್ತನೆಯದೂ ಹಾಗೇ ಬಂತು. ನೀರು ಹೆಚ್ಚು ಹಾಕಿ ನೋಡಿದರು, ಕಡಿಮೆ ಹಾಕಿ ನೋಡಿದರು. ಜೋಳ ಬದಲಿಸಿದರು, ಗಿರಣಿ ಬದಲಿಸಿದರು. ಒಂದು ವಾರ ಕಳೆಯಿತು.

ಆಮೇಲೆ ನಡೆದದ್ದನ್ನು ನೆನೆದರೆ ಇವತ್ತಿಗೂ ನನ್ನ ಸ್ಟೀಲು ಬಿಸಿಯಾಗುತ್ತದೆ. ಆ ಹೆಂಗಸರು ನನ್ನನ್ನು ಬೈಯಲಿಲ್ಲ. ಗೋಡೆಯ ಮೇಲಿನ ಫೋಟೋ ನೋಡಿದರು, ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು. "ಆಕಿಗೆ ಬರತಾವು, ನಮಗ ಬರವಲ್ಲವು. ನಮ್ಮ ಕೈಯಾಗ ಏನೋ ತಪ್ಪೈತಿ," ಎಂದಳು ಒಬ್ಬಳು. ಹಾಳೆಯ ಹಾಗೆ ತೆಳ್ಳಗೆ ಬಡಿಯುವ ಕೈ ಅದು! ಎಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ಬಡಿದ ಕೈ! ಒಂದು ಸುಳ್ಳು ಫೋಟೋ ಅಂಥ ಹನ್ನೆರಡು ಜೋಡಿ ಕೈಗಳಿಗೆ ನೀವು ದಡ್ಡ ಕೈಗಳು ಎಂದು ಹೇಳಿತು, ಅವು ನಂಬಿದವು. ಯಂತ್ರ ತಂದ ಹುಮ್ಮಸ್ಸಿನಲ್ಲಿ ಹಂಚುಗಳನ್ನು ಎತ್ತಿಟ್ಟಿದ್ದರು, ಮಾಮೂಲಿ ಅಂಗಡಿಗಳಿಗೆ ಹೇಳಿದ ದಿನಕ್ಕೆ ರೊಟ್ಟಿ ಹೋಗಲಿಲ್ಲ. ನನ್ನ ರೊಟ್ಟಿ ಕಳಿಸಿದ ಒಂದೇ ಗಂಟು ತೆರೆದ ಹಾಗೇ ವಾಪಸು ಬಂತು. ಹೆಂಗಸರು ಕಸ್ತೂರೆವ್ವನ ಮುಖ ನೋಡುವುದನ್ನು ಬಿಟ್ಟರು.

ಮುತ್ತಗಿಯವರಿಗೆ ಫೋನ್ ಮಾಡಿದರೆ, "ಹಿಟ್ಟ ಸರಿ ಕಲಸ್ರಿ," ಎಂಬ ಒಂದೇ ಉತ್ತರ.

ಒಂದು ಬೆಳಿಗ್ಗೆ ಕಸ್ತೂರೆವ್ವ ಗೋಡೆಯಿಂದ ಕರಪತ್ರ ಕಿತ್ತು ಚೀಲದಲ್ಲಿ ಹಾಕಿಕೊಂಡಳು. "ಈ ಹೆಣ್ಣಮಗಳನ್ನ ಹುಡಕತೀನಿ. ಹ್ಯಾಂಗ ಮಾಡ್ತಾಳ ಅಂತ ಕೇಳಿ ಕಲತ ಬರತೀನಿ," ಎಂದು ಬಸ್ಸು ಹತ್ತಿದಳು. ಮುಂದಿನದು ನಾನು ಕಂಡದ್ದಲ್ಲ. ಅವಳೇ ಆಮೇಲೆ ನನ್ನ ಕಟ್ಟೆಯ ಮೇಲೆ ಕುಳಿತು ಉಳಿದವರಿಗೆ ಹೇಳಿದ್ದು.

ಹುಬ್ಬಳ್ಳಿ ಪೇಟೆಯ ಖಾನಾವಳಿಗಳಲ್ಲಿ ಅವಳು ಫೋಟೋ ತೋರಿಸುತ್ತ ಹೋದಳಂತೆ. ನಾಲ್ಕನೆಯ ಖಾನಾವಳಿಯವನು, "ಇಕಿ ನಮ್ಮ ನೀಲಗಂಗವ್ವ. ಹಿಂದಿನ ಓಣ್ಯಾಗ ಅದಾಳ," ಎಂದ. ಅಲ್ಲಿಗೆ ಹೋಗಿ ಕಸ್ತೂರೆವ್ವ ಎರಡೂ ಕೈ ಮುಗಿದು, "ಯವ್ವಾ, ಮಷೀನಿಗೆ ಹಿಟ್ಟ ಹ್ಯಾಂಗ ಕಲಸ್ತಿ, ಹೇಳಿಕೊಡು," ಎಂದಳು.

ನೀಲಗಂಗವ್ವನಿಗೆ ಏನೂ ತಿಳಿಯಲಿಲ್ಲ. ಕರಪತ್ರ ಇಸಿದುಕೊಂಡು ನೋಡಿದಳು. ತನ್ನ ಮುಖ ಕಂಡಿತು. ಕೆಳಗಿನದನ್ನು ಓದಲು ಹೇಳಿದಳು. ಕಸ್ತೂರೆವ್ವ ಓದಿದಳು.

"ಇನ್ನೊಮ್ಮೆ ಓದು."

ಮತ್ತೆ ಓದಿದಳು.

"ಆ ರೊಟ್ಟಿ ನಾ ಬಡದದ್ದು!" ನೀಲಗಂಗವ್ವ ಎದ್ದೇ ನಿಂತಳು. "ಕಟಗಿ ಒಲಿ ಮುಂದ ಕುಂತ ಬಡದೀನಿ! ನನ್ನ ರೊಟ್ಟಿನ ತೋರಿಸಿ, ನನ್ನ ಕೈ ಕೆಲಸಕ್ಕ ಬಾರದು ಅಂತ ನನ್ನ ಬಾಯಿಲೆ ಹೇಳಿಸ್ಯಾನೇನು? ಅದಕ್ಕ ಹೌದು ಆ ಖಾನಾವಳಿಯಾಂವ ಮೊನ್ನೆ, ನೀ ಈಗ ಮಷೀನ್ ಇಟ್ಟಿ, ಕೈರೊಟ್ಟಿ ಅಂತ ಯಾಕ ಮಾರತಿ ಅಂತ ಅಂದಿದ್ದು!"

ಕಸ್ತೂರೆವ್ವ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತು ಅತ್ತಳಂತೆ. ದುಃಖಕ್ಕಲ್ಲ. ತಮ್ಮ ಕೈಯಲ್ಲಿ ತಪ್ಪಿಲ್ಲ ಎಂದು ತಿಳಿದು ಅತ್ತದ್ದು.

ಇಬ್ಬರೂ ಹಸೀನಾಳ ಮನೆಗೆ ಹೋದರು. ಕರಪತ್ರದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅವಳ ಹೆಸರೂ ಫೋನ್ ನಂಬರೂ ಇದ್ದವು, ಅವಳೇ ಕೇಳಿ ಹಾಕಿಸಿಕೊಂಡದ್ದು. ಹಸೀನಾ ಬಾಗಿಲು ತೆರೆದು ಇಬ್ಬರನ್ನೂ ನೋಡಿದವಳೇ ಎಲ್ಲ ಅರ್ಥ ಮಾಡಿಕೊಂಡಳು. ನೀಲಗಂಗವ್ವ ಬಾಯಿಗೆ ಬಂದಂತೆ ಬೈದಳು. ಹಸೀನಾ ತಡೆಯಲಿಲ್ಲ.

"ಅಕ್ಕಾ, ನಾನೂ ಅದರಾಗ ಇದ್ದೆ," ಎಂದಳು ಕೊನೆಗೆ. "ಗೊತ್ತಿದ್ದೂ ತಗದೆ. ಇವರಿಗೆ ಬ್ಯಾಡ ಅಂತ ಹಾಳಿ ಮ್ಯಾಲೆ ಬರದೆ, ಬಾಯಿಬಿಟ್ಟ ಹೇಳಲಿಲ್ಲ. ಆದ್ರ ಮೊದಲನೇ ಫೋಟೋನೂ ಅದಾವು. ಒಡದ ರೊಟ್ಟಿದ್ದು. ಒಂದೂ ಅಳಿಸಿಲ್ಲ."

ಅಷ್ಟರಲ್ಲಿ ಮುತ್ತಗಿಯವರು ಪಟ್ಟಿಯಲ್ಲಿದ್ದ ನಲವತ್ತು ಮಂದಿಯನ್ನು ಒಂದು ಕಲ್ಯಾಣ ಮಂಟಪಕ್ಕೆ ಕರೆದಿದ್ದರು. ಊಟ, ಭಾಷಣ, ಹೊಸ ಯಂತ್ರಗಳ ಬುಕಿಂಗ್. ಫೋಟೋ ತೆಗೆಯಲು ಹಸೀನಾಳಿಗೇ ಹೇಳಿದ್ದರು. ಅವಳು ಬರುತ್ತೇನೆ ಎಂದಿದ್ದಳು.

ಆ ದಿನ ನನ್ನನ್ನು ಟ್ರ್ಯಾಕ್ಟರಿಗೆ ಏರಿಸಿದರು. ಹನ್ನೆರಡು ಹೆಂಗಸರೂ ನನ್ನ ಸುತ್ತ ಕುಳಿತರು. ಮಂಟಪದ ಅಂಗಳದಲ್ಲಿ, ಊಟಕ್ಕೆ ಹೋಗುವ ಬಾಗಿಲಿಗೆ ಸರಿಯಾಗಿ ನನ್ನನ್ನು ಇಳಿಸಿ ಗ್ಯಾಸು ಹಚ್ಚಿದರು. ನನ್ನ ಪಕ್ಕದಲ್ಲಿ ಮೂರು ಇಟ್ಟಿಗೆ ಹೂಡಿ ನೀಲಗಂಗವ್ವ ಕುಳಿತಳು. ಮಂದಿ ಹೊರಗೆ ಬಂದರು.

ಒಂದು ಕಡೆ ನನ್ನ ರೊಟ್ಟಿ ಉರುಳಿ ಬಿತ್ತು. ಒಂದು ಕಡೆ ಅವಳ ರೊಟ್ಟಿ ಉಬ್ಬಿತು. ಕಸ್ತೂರೆವ್ವ ಒಂದು ಕೈಯಲ್ಲಿ ಅದನ್ನು, ಇನ್ನೊಂದರಲ್ಲಿ ಇದನ್ನು ಹಿಡಿದು ಒಬ್ಬೊಬ್ಬರ ಮುಂದೆಯೂ ಹೋದಳು. "ಇದು ಮಷೀನಿಂದು. ಇದು ಫೋಟೋದಾಗಿಂದು. ನೋಡ್ರಿ, ಮುರದ ನೋಡ್ರಿ."

ಮುತ್ತಗಿ ಓಡಿ ಬಂದರು. "ಯಾರ್ರೀ ಇವರನ್ನ ಒಳಗ ಬಿಟ್ಟವರು? ಹಿಟ್ಟ ಕಲಸಾಕ ಬರದವರು ಬಂದ ನನ್ನ ಹೆಸರ ಕೆಡಸ್ತೀರೇನು?"

"ಹಿಟ್ಟ ಛಲೋ ಐತಿ ಸಾಹೇಬ್ರ."

ಹೇಳಿದವನು ಮೌನೇಶ. ಗುಂಪಿನ ಹಿಂದಿನಿಂದ ಮುಂದೆ ಬಂದು ನನ್ನ ಮೇಲೆ ಕೈಯಿಟ್ಟ. "ಮಷೀನ್ ನಾ ಮಾಡಿದ್ದು. ತಯಾರ ಆಗಿದ್ದಿಲ್ಲ. ತಯಾರ ಆಗಿಲ್ಲ ಅಂತ ಹೇಳಿದ್ದೆ."

ಹಸೀನಾ ಕ್ಯಾಮೆರಾದ ಪರದೆಯ ಮೇಲೆ ಮೊದಲ ದಿನದ ಒಡೆದ ರೊಟ್ಟಿಯ ಫೋಟೋ ತೆರೆದು ಕೈಯಿಂದ ಕೈಗೆ ಕೊಟ್ಟಳು. ಫೋಟೋದ ಮೇಲೆ ತಾರೀಖು ಇತ್ತು.

ನೀಲಗಂಗವ್ವ ಎದ್ದಳು. ಹಿಟ್ಟಿನ ಕೈ ಝಾಡಿಸಿ ನೆಟ್ಟಗೆ ವೇದಿಕೆಗೆ ಹೋಗಿ, ತನ್ನ ನಗುಮುಖದ ಬ್ಯಾನರನ್ನು ಕಿತ್ತು, ಸುತ್ತಿ, ಬಗಲಲ್ಲಿಟ್ಟುಕೊಂಡಳು. "ಇದು ನನ್ನ ಮಾರಿ. ನಾ ಒಯ್ತೀನಿ," ಎಂದಳು. ಯಾರೂ ಅಡ್ಡ ಬರಲಿಲ್ಲ. ಈಗ ಆ ಬ್ಯಾನರಿನ ಮೇಲೆ ಅವಳು ಸಂಡಿಗೆ ಒಣಗಿಸುತ್ತಾಳಂತೆ.

ಅವತ್ತು ಬುಕಿಂಗ್ ಒಂದೂ ಆಗಲಿಲ್ಲ. ನನಗೆ ಸಮಾಧಾನವಾಯಿತೇ? ಆಯಿತು, ಅರ್ಧ. ನಲವತ್ತು ಮಂದಿಯ ನಡುವೆ ನಿಲ್ಲಿಸಿ ನನ್ನ ರೊಟ್ಟಿಯನ್ನು ಮುರಿದು ಮುರಿದು ತೋರಿಸುವಾಗ ನನಗೆ ಎಷ್ಟು ಅವಮಾನವಾಯಿತು ಎಂದು ಯಾರು ಕೇಳಿದರು? ಸುಳ್ಳು ಹೇಳಿದವರು ಅವರು, ಅಂಗಳದಲ್ಲಿ ನಗೆಪಾಟಲಾದವನು ನಾನು. ಆರು ತಿಂಗಳು ಸಿಕ್ಕಿದ್ದರೆ ನಾನೂ ಚೆನ್ನಾಗಿ ಬೇಯಿಸುತ್ತಿದ್ದೆನೋ ಏನೋ.

ಮುತ್ತಗಿಯವರಿಗೆ ಹೆಚ್ಚೇನೂ ಆಗಲಿಲ್ಲ. ಅಂಥವರಿಗೆ ಆಗುವುದಿಲ್ಲ. ಅದೇ ಶೆಡ್ಡಿಗೆ ಬೇರೆ ಹೆಸರಿನ ಬೋರ್ಡು ಬಂತು. ಮೌನೇಶ ಕೆಲಸ ಬಿಟ್ಟ. ಹಸೀನಾಳನ್ನು ಒಂದು ವರ್ಷ ಹುಬ್ಬಳ್ಳಿಯ ಯಾವ ಕಾರಖಾನೆಯವರೂ ಕರೆಯಲಿಲ್ಲ. ಮಾಲೀಕರ ಗುಟ್ಟು ಬಯಲು ಮಾಡುವವಳು ಎಂಬ ಮಾತು ಅವಳಿಗಿಂತ ಮುಂದೆ ಓಡುತ್ತಿತ್ತು. ಆ ವರ್ಷ ಅವಳು ನಮ್ಮ ಊರಿಗೆ ಬಂದು ಹೆಂಗಸರ ರೊಟ್ಟಿಯ ಫೋಟೋ ತೆಗೆದಳು. ರೊಟ್ಟಿ ಅವರದೇ, ಕೈಯೂ ಅವರದೇ. ಅದನ್ನು ಹಿಡಿದುಕೊಂಡು ಅಂಗಡಿ ಅಂಗಡಿಗೆ ತಾನೇ ಹೋದಳು. ತೆಳು ರೊಟ್ಟಿ ಬೇಕೆನ್ನುವವರು ಯಾರು, ಬೇಡವೆನ್ನುವವರು ಯಾರು ಎಂದು ಅವಳಿಗೆ ಮೊದಲಿನಿಂದಲೂ ತಿಳಿಯುತ್ತಿತ್ತು. ಹಂಚುಗಳು ಮತ್ತೆ ಒಲೆಯೇರಿದವು. ನಾನು ಮೂಲೆ ಸೇರಿದೆ.

ಆಗ ನನ್ನನ್ನು ಕೊಳ್ಳಲು ಬಂದವನು ಹಾಸ್ಟೆಲಿನ ಹಣಮಂತಪ್ಪ. ಅವನನ್ನು ಕರೆತಂದವಳು ಹಸೀನಾ. ಸಂಘದ ಹೆಂಗಸೊಬ್ಬಳು ಕಸ್ತೂರೆವ್ವನ ಕಿವಿಯಲ್ಲಿ, "ಸುಮ್ಮನ ಕೊಟ್ಟ ಬಿಡು, ಏನೂ ಹೇಳಬ್ಯಾಡ," ಎಂದಳು. ಕಸ್ತೂರೆವ್ವ ಗ್ಯಾಸು ಹಚ್ಚಿ, ಮೂವತ್ತು ರೊಟ್ಟಿ ಅವನ ಕಣ್ಣ ಮುಂದೆಯೇ ತೆಗೆದಳು. "ನೋಡ್ರಿ, ಇಷ್ಟ ಬರತಾವು. ಇದಕ್ಕಿಂತ ಛಲೋ ಬರಂಗಿಲ್ಲ."

ಹಣಮಂತಪ್ಪ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಜಗಿದ. "ನಮ್ಮ ಹುಡುಗ್ರು ಸಾರಿನಾಗ ಮುರದ ಹಾಕ್ಕೊಂಡ ತಿಂತಾರ್ರೀ. ನಡಿತೈತಿ," ಎಂದ.

ಹನ್ನೊಂದು ವರ್ಷ ಆ ಹಾಸ್ಟೆಲಿನಲ್ಲಿ ದುಡಿದೆ. ದಿನಕ್ಕೆ ಮುನ್ನೂರು ಹೊಟ್ಟೆ. ಮೌನೇಶ ಒಂದೆರಡು ಸಲ ತಾನಾಗಿಯೇ ಬಂದು ರೋಲರು ಬದಲಿಸಿ ಹೋದ. ಅಂಚು ಒಡೆಯುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಹೋದ ವರ್ಷ ಮೋಟರು ಸುಟ್ಟಿತು. ಈಗ ಅಡಿಗೆಮನೆಯ ಹಿತ್ತಲಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲಿ ನಿಂತಿದ್ದೇನೆ. ಹೊಟ್ಟೆಯಲ್ಲಿ ಬೆಕ್ಕೊಂದು ಮರಿ ಹಾಕಿದೆ.

ಸಿಟ್ಟು ಇಳಿದಿದೆ ಎಂದು ಹೇಳಿದರೆ ಅದೊಂದು ಸುಳ್ಳಾಗುತ್ತದೆ. ಪೇಟೆಯಿಂದ ಸಾಮಾನು ಕಟ್ಟಿ ತಂದ ಕಾಗದ ಹಿತ್ತಲಿಗೆ ಹಾರಿ ಬಂದಾಗ, ಅದರ ಮೇಲೆ ನಗುವ ಮುಖವೊಂದು ಏನನ್ನೋ ಹೊಗಳುತ್ತಿರುವುದು ಕಂಡರೆ, ಆ ಮಾತು ನಿನ್ನದೇನಮ್ಮಾ ಎಂದು ಕೇಳಬೇಕೆನಿಸುತ್ತದೆ.

ಇವತ್ತು ಬೆಳಿಗ್ಗೆ ಗುಜರಿಯವನು ಬಂದಿದ್ದ. ನನ್ನ ಸುತ್ತ ಒಂದು ಸುತ್ತು ಹಾಕಿ, ಡಬ್ಬಿ ಬಡಿದು ನೋಡಿ ಕೇಳಿದ: "ಚಾಲೂ ಐತೇನ್ರಿ?"

ಹಣಮಂತಪ್ಪ ಮರಿಗಳನ್ನು ಒಂದೊಂದಾಗಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದ. ತಲೆಯೆತ್ತದೆಯೇ ಹೇಳಿದ: "ಇಲ್ಲ. ಮೋಟರ್ ಸುಟ್ಟೈತಿ. ಸ್ಟೀಲ್ ಮಾತ್ರ ಛಲೋ ಐತಿ."

ಮೂರು ಮಾತು. ಮೂರೂ ನಿಜ. ನನ್ನನ್ನು ಮಾರುವಾಗ ಇದಕ್ಕಿಂತ ಹೆಚ್ಚು ಹೇಳಬೇಕಾದದ್ದು ಏನೂ ಇರಲಿಲ್ಲ.